ಗೆದ್ದವರೊಬ್ಬರೇ ಆಳಲಾಗದ ನಾಡು: ಉತ್ತರ ಐರ್ಲೆಂಡಿನ ಅಧಿಕಾರ ಹಂಚಿಕೆ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ

ಬಹುಮತ ಬಂದವರು ಆಳಲಿ, ಬಾರದವರು ಮುಂದಿನ ಚುನಾವಣೆಗೆ ಕಾಯಲಿ. ಈ ಸರಳ ಲೆಕ್ಕ ನಡೆಯಬೇಕಾದರೆ ಇವತ್ತು ಸೋತವರಿಗೆ ನಾಳೆ ಗೆಲ್ಲುವ ದಾರಿ ತೆರೆದಿರಬೇಕು. ಮತದಾರರು ಹುಟ್ಟಿನಿಂದಲೇ ಎರಡು ಪಾಳಯಗಳಾಗಿ ಹಂಚಿಹೋಗಿದ್ದು, ಒಂದು ಪಾಳಯ ಸದಾ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ ಚುನಾವಣೆ ಜನಗಣತಿಯಾಗಿಬಿಡುತ್ತದೆ. ಉತ್ತರ ಐರ್ಲೆಂಡಿನಲ್ಲಿ 1921ರಿಂದ 1972ರವರೆಗೆ ಆದದ್ದು ಇದೇ. ಐರ್ಲೆಂಡಿನ 32 ಕೌಂಟಿಗಳಲ್ಲಿ ಆರನ್ನು ಪ್ರತ್ಯೇಕಿಸಿ ಬ್ರಿಟನ್ನಿನಲ್ಲಿ ಉಳಿಸಿಕೊಂಡಾಗ, ಆ ಗಡಿಯೊಳಗೆ ಬ್ರಿಟನ್ ಜೊತೆಗೇ ಇರಬೇಕೆನ್ನುವ ಪ್ರಾಟೆಸ್ಟಂಟರು ಹೆಚ್ಚಿದ್ದರು, ಐರ್ಲೆಂಡಿಗೆ ಸೇರಬೇಕೆನ್ನುವ ಕ್ಯಾಥೊಲಿಕರು ಕಡಿಮೆ ಇದ್ದರು. ಮೊದಲನೆಯವರು ಯೂನಿಯನಿಸ್ಟರು, ಎರಡನೆಯವರು ನ್ಯಾಷನಲಿಸ್ಟರು. ಐವತ್ತೊಂದು ವರ್ಷ ಒಂದೇ ಪಕ್ಷ, ಅಲ್‌ಸ್ಟರ್ ಯೂನಿಯನಿಸ್ಟ್ ಪಕ್ಷ, ಒಮ್ಮೆಯೂ ಸೋಲದೆ ಆಳಿತು.

ಸಹಜವಾಗಿ ಬಂದ ಬಹುಮತದ ಮೇಲೆ ಕೈಚಳಕವೂ ಸೇರಿತ್ತು. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚು. ಆದರೆ ನಗರಸಭೆಯ 20 ಸ್ಥಾನಗಳಲ್ಲಿ 12 ಯೂನಿಯನಿಸ್ಟರಿಗೆ ಹೋಗುತ್ತಿತ್ತು. ಊರನ್ನು ಮೂರು ವಾರ್ಡ್ ಮಾಡಿ, ಕ್ಯಾಥೊಲಿಕ್ ಮತದಾರರಲ್ಲಿ ಸುಮಾರು ಹತ್ತು ಸಾವಿರ ಮಂದಿಯನ್ನು 8 ಸ್ಥಾನಗಳ ಒಂದೇ ವಾರ್ಡಿಗೆ ತುಂಬಿದ್ದರು. ಉಳಿದ ಎರಡು ವಾರ್ಡುಗಳ 8 ಮತ್ತು 4 ಸ್ಥಾನಗಳು ಯೂನಿಯನಿಸ್ಟರ ಕೈಗೆ ಬೀಳುತ್ತಿದ್ದವು. ಸ್ಥಳೀಯ ಚುನಾವಣೆಯಲ್ಲಿ ಮನೆಗಂದಾಯ ಕಟ್ಟುವವರಿಗೂ ಅವರ ಸಂಗಾತಿಗೂ ಮಾತ್ರ ಮತ. ಕಂಪನಿಗಳಿಗೆ ಆರರವರೆಗೆ ಹೆಚ್ಚುವರಿ ಮತ. ನಗರಸಭೆಯ ಮನೆ ಯಾರಿಗೆ ಮಂಜೂರಾಗುತ್ತದೆ ಎನ್ನುವುದು ಮತ ಯಾರಿಗೆ ಸಿಗುತ್ತದೆ ಎನ್ನುವುದನ್ನೂ ನಿರ್ಧರಿಸುತ್ತಿತ್ತು. 1968ರ ಅಕ್ಟೋಬರ್ 5ರಂದು ಡೆರಿಯಲ್ಲಿ ಪೊಲೀಸರು ಲಾಠಿ ಬೀಸಿ ಚದುರಿಸಿದ ನಾಗರಿಕ ಹಕ್ಕುಗಳ ಮೆರವಣಿಗೆಯ ಹಿಂದೆ ಇದ್ದ ಕಾರಣಗಳು ಇಂಥವು: ಮನೆ, ಮತ, ಕೆಲಸ. 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೇನೆ ಬೀದಿಗಿಳಿಯಿತು. 1972ರ ಜನವರಿ 30ರಂದು ಅದೇ ಡೆರಿಯಲ್ಲಿ ಸೇನೆಯ ಗುಂಡಿಗೆ 13 ಮಂದಿ ಸತ್ತರು, ಗಾಯಗೊಂಡ ಇನ್ನೊಬ್ಬರು ಮುಂದೆ ತೀರಿಕೊಂಡರು. ಮಾರ್ಚಿನಲ್ಲಿ ಸ್ಥಳೀಯ ಸಂಸತ್ತನ್ನು ಅಮಾನತಿನಲ್ಲಿಟ್ಟು ಲಂಡನ್ ನೇರವಾಗಿ ಆಳತೊಡಗಿತು. ಮೂರು ದಶಕಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಒಟ್ಟು ಜನಸಂಖ್ಯೆಯೇ ಆಗ ಹದಿನೈದು, ಹದಿನಾರು ಲಕ್ಷ.

ಈ ನಾಡು 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೆಯ ದಿನ, ಒಂದು ಒಪ್ಪಂದಕ್ಕೆ ಬಂತು. ಅದನ್ನು ಇಬ್ಬರು ವೈರಿಗಳು ಕೈಕುಲುಕಿದ ಕಥೆಯಾಗಿ ಹೇಳುವುದುಂಟು. ಆ ಕಥೆಯಿಂದ ಕಲಿಯುವುದು ಕಡಿಮೆ. ಎದುರಾಳಿಯ ಮನ ಗೆಲ್ಲುವುದು ಅಲ್ಲಿನ ನಾಯಕರಿಗೆ ಎರಡನೆಯ ಕೆಲಸವಾಗಿತ್ತು; ಮೊದಲನೆಯದು, ತಮ್ಮದೇ ಜನ ತಮ್ಮನ್ನು ಕೆಳಗಿಳಿಸದಂತೆ ನೋಡಿಕೊಳ್ಳುವುದು. ಒಪ್ಪಂದದ ಯಂತ್ರವನ್ನು ಅರ್ಥಮಾಡಿಕೊಳ್ಳಲು ಇದೇ ಕೀಲಿ.

ಮೊದಲ ಪ್ರಯತ್ನ 1974ರಲ್ಲೇ ಆಗಿತ್ತು. ಬ್ರಯನ್ ಫಾಕ್‌ನರ್ ಎಂಬ ಯೂನಿಯನಿಸ್ಟ್ ನಾಯಕನ ಮುಂದಾಳ್ತನದಲ್ಲಿ, 6 ಯೂನಿಯನಿಸ್ಟರು, ನ್ಯಾಷನಲಿಸ್ಟರ ಎಸ್‌ಡಿಎಲ್‌ಪಿಯ 4 ಮಂದಿ, ಮಧ್ಯಮಪಂಥದ ಅಲಯನ್ಸ್ ಪಕ್ಷದ ಒಬ್ಬರು, ಹೀಗೆ 11 ಜನರ ಸಂಪುಟ ಜನವರಿ 1ಕ್ಕೆ ಅಧಿಕಾರ ವಹಿಸಿಕೊಂಡಿತು. ಮೂರೇ ದಿನಕ್ಕೆ ಫಾಕ್‌ನರ್‌ನ ಸ್ವಂತ ಪಕ್ಷದ ಮಂಡಳಿ 427ಕ್ಕೆ 374 ಮತಗಳಿಂದ, ಈ ಸಂಪುಟಕ್ಕೆ ಆಧಾರವಾಗಿದ್ದ ಒಪ್ಪಂದದ ಒಂದು ಮುಖ್ಯ ಅಂಶವನ್ನು ತಿರಸ್ಕರಿಸಿತು. ಅವನು ಪಕ್ಷದ ನಾಯಕತ್ವ ಬಿಡಬೇಕಾಯಿತು. ತಿರಸ್ಕೃತವಾದದ್ದು ಉತ್ತರ ದಕ್ಷಿಣ ಐರ್ಲೆಂಡುಗಳ ಜಂಟಿ ಮಂಡಳಿ. ಅಧಿಕಾರ ಹಂಚಿಕೊಳ್ಳುವುದನ್ನಾದರೂ ನುಂಗಿಕೊಳ್ಳಲು ತಯಾರಿದ್ದ ಅನೇಕ ಯೂನಿಯನಿಸ್ಟರಿಗೆ, ಈ ಮಂಡಳಿ ಐರ್ಲೆಂಡಿನೊಳಗೆ ತಮ್ಮನ್ನು ಜಾರಿಸುವ ಹಿಂಬಾಗಿಲಿನಂತೆ ಕಂಡಿತು. ಫೆಬ್ರವರಿಯಲ್ಲಿ ಬ್ರಿಟಿಷ್ ಸಂಸತ್ತಿಗೆ ಚುನಾವಣೆ ಬಂತು: ಉತ್ತರ ಐರ್ಲೆಂಡಿನ 12 ಸ್ಥಾನಗಳಲ್ಲಿ 11 ಒಪ್ಪಂದ ವಿರೋಧಿಗಳ ಪಾಲು. ಅವರಿಗೆ ಬಿದ್ದ ಮತ ಅರ್ಧಕ್ಕಿಂತ ತುಸುವಷ್ಟೇ ಹೆಚ್ಚು. ಆದರೆ ಒಬ್ಬರೇ ಗೆಲ್ಲುವ ಕ್ಷೇತ್ರಗಳ ಪದ್ಧತಿ ಆ ತುಸುವನ್ನು ಪ್ರವಾಹವಾಗಿ ತೋರಿಸಿತು. ಮೇ 15ಕ್ಕೆ ಯೂನಿಯನಿಸ್ಟ್ ಕಾರ್ಮಿಕರ ಮುಷ್ಕರ ಶುರುವಾಯಿತು. ವಿದ್ಯುತ್ ಉತ್ಪಾದನೆಯೇ ಮುಷ್ಕರಗಾರರ ಹಿಡಿತಕ್ಕೆ ಸಿಕ್ಕಿತು. 28ರಂದು ಫಾಕ್‌ನರ್ ರಾಜೀನಾಮೆ ಕೊಟ್ಟ.

ಬೀಳಿಸಬಲ್ಲವರೆಲ್ಲ ಹೊರಗಿದ್ದರು, ಒಳಗಿದ್ದವರು ಮಧ್ಯದವರು ಮಾತ್ರ. ಒಂದು ಬದಿಯಲ್ಲಿ ಬಂದೂಕಿನಿಂದ ಐರ್ಲೆಂಡನ್ನು ಒಂದುಮಾಡಹೊರಟ ಐಆರ್‌ಎ, ಇನ್ನೊಂದು ಬದಿಯಲ್ಲಿ ಉಗ್ರ ಯೂನಿಯನಿಸ್ಟ್ ನಾಯಕ ಇಯನ್ ಪೇಯ್ಸ್‌ಲಿ ಮತ್ತು ಬ್ರಿಟನ್ನಿಗೆ ನಿಷ್ಠೆ ಸಾರುತ್ತ ಬಂದೂಕು ಹಿಡಿದ ನಿಷ್ಠಾವಾದಿ ಗುಂಪುಗಳು. 1998ರ ಒಪ್ಪಂದವನ್ನು ಎಸ್‌ಡಿಎಲ್‌ಪಿಯ ಶೇಮಸ್ ಮ್ಯಾಲನ್ 'ನಿಧಾನಕ್ಕೆ ಕಲಿಯುವವರ' ಹಳೇ ಒಪ್ಪಂದ ಎಂದು ಅಣಕಿಸಿದ್ದು ಪ್ರಸಿದ್ಧ. ಮಾತು ಚುರುಕಾಗಿದೆ, ಪೂರ್ತಿ ನಿಜವಲ್ಲ. ಎರಡನೆಯ ಸಲ ಬದಲಾದದ್ದು ಮೇಜಿನ ಸುತ್ತ ಕೂತವರ ಪಟ್ಟಿ. ಆ ಪಟ್ಟಿ ಹೇಗೆ ಸಿದ್ಧವಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಡೀ ಪ್ರಕರಣದ ಅತ್ಯಂತ ಜಾಣ ಕೆಲಸ ಅಲ್ಲಿದೆ.

ಮಾತುಕತೆಗೆ ಯಾರು ಬರಬೇಕೆಂದು ನಿರ್ಧರಿಸಲೆಂದೇ 1996ರ ಮೇ 30ರಂದು ಒಂದು ಚುನಾವಣೆ ನಡೆಸಿದರು. 18 ಕ್ಷೇತ್ರಗಳಿಂದ ತಲಾ 5 ಮಂದಿ, ಒಟ್ಟು 90. ಅದರ ಮೇಲೆ, ಇಡೀ ಪ್ರಾಂತದಲ್ಲಿ ಹೆಚ್ಚು ಮತ ಪಡೆದ ಮೊದಲ 10 ಪಕ್ಷಗಳಿಗೆ ತಲಾ 2 ಸ್ಥಾನ ಉಡುಗೊರೆ. ಈ 20 ಸ್ಥಾನಗಳು ದೊಡ್ಡ ಪಕ್ಷಗಳಿಗಾಗಿ ಇಟ್ಟವಲ್ಲ. ನಿಷ್ಠಾವಾದಿ ಬಂದೂಕುಗಳ ಜೊತೆ ನಂಟಿದ್ದ ಎರಡು ಪುಟ್ಟ ಪಕ್ಷಗಳು, ಪಿಯುಪಿ ಮತ್ತು ಯುಡಿಪಿ, ಯಾವ ಕ್ಷೇತ್ರದಲ್ಲೂ ಗೆಲ್ಲುವಂತಿರಲಿಲ್ಲ; ಅವರನ್ನು ಒಳತರುವ ಬಾಗಿಲು ಇದು. ಅದೇ ಬಾಗಿಲಿನಿಂದ ಶೇ. 1ರಷ್ಟು ಮತ ಪಡೆದ ಮಹಿಳಾ ಒಕ್ಕೂಟವೂ ಒಳಬಂತು.

ಇನ್ನು ತೀರ್ಮಾನದ ನಿಯಮ. ಎಲ್ಲರೂ ಒಪ್ಪಬೇಕೆಂದರೆ ಯಾವುದೂ ಆಗದು. ಬಹುಮತ ಸಾಕೆಂದರೆ ಹಳೇ ರೋಗ. ಆದ್ದರಿಂದ 'ಸಾಕಷ್ಟು ಸಹಮತ' ಎಂಬ ಅಳತೆ ಇಟ್ಟರು: ಬ್ರಿಟಿಷ್, ಐರಿಷ್ ಸರ್ಕಾರಗಳೆರಡೂ ಒಪ್ಪಬೇಕು, ಪಕ್ಷಗಳ ಸಂಖ್ಯೆಯಲ್ಲಿ ಹೆಚ್ಚಿನವು ಒಪ್ಪಬೇಕು, ಜೊತೆಗೆ ಒಪ್ಪುವ ಪಕ್ಷಗಳು 1996ರ ಮತಗಳ ಲೆಕ್ಕದಲ್ಲಿ ಪ್ರತಿ ಸಮುದಾಯದ ಅರ್ಧಕ್ಕಿಂತ ಹೆಚ್ಚನ್ನು ಪ್ರತಿನಿಧಿಸಬೇಕು. ಈ ಅಳತೆಯನ್ನು 1997ರ ಪರಿಸ್ಥಿತಿಗೆ ಹಚ್ಚಿ ನೋಡಿ. ಆ ಜುಲೈನಲ್ಲಿ ಐಆರ್‌ಎ ಕದನವಿರಾಮ ಮರಳಿ ಘೋಷಿಸಿ, ಅದರ ರಾಜಕೀಯ ಮುಖವಾದ ಶಿನ್ ಫೇನ್ ಮಾತುಕತೆಗೆ ಬರುವುದು ಖಚಿತವಾದಾಗ, ಪೇಯ್ಸ್‌ಲಿಯ ಡಿಯುಪಿ ಮತ್ತು ಇನ್ನೊಂದು ಸಣ್ಣ ಯೂನಿಯನಿಸ್ಟ್ ಪಕ್ಷ ಎದ್ದು ಹೊರಟವು. ಡಿಯುಪಿ ಬಳಿ ಶೇ. 18.8 ಮತ, ಸಣ್ಣ ಪಕ್ಷದ ಬಳಿ ಶೇ. 3.7. ಒಳಗುಳಿದ ಯೂನಿಯನಿಸ್ಟರಲ್ಲಿ ಡೇವಿಡ್ ಟ್ರಿಂಬಲ್‌ನ ಅಲ್‌ಸ್ಟರ್ ಯೂನಿಯನಿಸ್ಟ್ ಪಕ್ಷಕ್ಕೆ ಶೇ. 24.2, ಪಿಯುಪಿಗೆ 3.5, ಯುಡಿಪಿಗೆ 2.2. ಐದನ್ನೂ ಕೂಡಿದರೆ ಯೂನಿಯನಿಸ್ಟ್ ಮತ ಶೇ. 52.4, ಅದರ ಅರ್ಧ 26.2. ಟ್ರಿಂಬಲ್ ಒಬ್ಬನೇ ಎರಡು ಅಂಶ ಹಿಂದೆ! ಬಂದೂಕಿನವರ ಒಂದು ಪುಟ್ಟ ಪಕ್ಷವಾದರೂ ಜೊತೆಗಿರದಿದ್ದರೆ ಯೂನಿಯನಿಸ್ಟರ ಸಹಮತವೇ ಇಲ್ಲ.

1998ರ ಜನವರಿಯಲ್ಲಿ ಬ್ರಿಟಿಷ್ ಸಚಿವೆ ಮೋ ಮೋಲಂ ಮೇಯ್ಜ್ ಜೈಲಿಗೆ ಹೋಗಿ, ಕೊಲೆ ಪ್ರಕರಣಗಳಲ್ಲಿ ಶಿಕ್ಷೆಯಾದ ನಿಷ್ಠಾವಾದಿ ಕೈದಿಗಳ ಜೊತೆ ಕೂತು ಮಾತಾಡಿದ್ದು ಈ ಲೆಕ್ಕದಿಂದಲೇ. ಆ ಕೈದಿಗಳು ಮಾತುಕತೆಗೆ ಕೊಟ್ಟಿದ್ದ ಬೆಂಬಲ ಹಿಂತೆಗೆದಿದ್ದರು. ಅವರು ಹೋದರೆ ಅವರ ಪುಟ್ಟ ಪಕ್ಷ ಹೋಗುತ್ತದೆ, ಆಮೇಲೆ ಇನ್ನೊಂದು ಪುಟ್ಟ ಪಕ್ಷವೂ ಹೋದರೆ ಟ್ರಿಂಬಲ್ ಬೀಳುತ್ತಾನೆ. ಪತ್ರಿಕೆಗಳು ಅದನ್ನು ಧೈರ್ಯ ಎಂದವು, ಕೆಲವರು ನಾಚಿಕೆಗೇಡು ಎಂದರು. ಕೂಡಿಸಿ ಕಳೆದು ನೋಡಿದವರಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಕೊನೆಗೆ ಏಪ್ರಿಲ್ 9ರ ಗಡುವು ಹಾಕಿದರು. ಅವರ ಕರಡಿನಲ್ಲಿ ಉತ್ತರ ದಕ್ಷಿಣಗಳ ಜಂಟಿ ಸಂಸ್ಥೆಗಳ ಪಟ್ಟಿ ಉದ್ದವಾಗಿತ್ತು, 1974ರ ಭೂತ ಮತ್ತೆ ಎದ್ದಿತು, ಟ್ರಿಂಬಲ್ ಪಕ್ಷ ಸಾರಾಸಗಟು ಬೇಡವೆಂದಿತು. ಅದೇ ವಾರ ತಾಯಿಯನ್ನು ಕಳೆದುಕೊಂಡಿದ್ದ ಐರಿಷ್ ಪ್ರಧಾನಿ ಬರ್ಟಿ ಅಹರ್ನ್ ಬೆಲ್‌ಫಾಸ್ಟಿಗೆ ಬಂದು ಆ ಭಾಗವನ್ನು ಮತ್ತೆ ಚರ್ಚಿಸಲು ಒಪ್ಪಿದರು. ಪಟ್ಟಿ ಕುಗ್ಗಿ ಆರು ಜಂಟಿ ಸಂಸ್ಥೆಗಳಿಗೆ ನಿಂತಿತು. ತನ್ನ ಬದಿ ಗೆದ್ದಿದ್ದನ್ನು, ಎದುರು ಬದಿಯ ನಾಯಕ ಮನೆಗೆ ಹೋಗಿ ಸಮಜಾಯಿಷಿ ಕೊಡಬಲ್ಲ ಮಟ್ಟಕ್ಕೆ ಇಳಿಸಿಕೊಂಡದ್ದು ನನ್ನ ಲೆಕ್ಕದಲ್ಲಿ ಆ ವಾರದ ದೊಡ್ಡ ನಾಯಕತ್ವ.

ಒಪ್ಪಂದದ ತಿರುಳು ಇಷ್ಟು. ಬಹುಮತ ಬಯಸುವವರೆಗೆ ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಇರುತ್ತದೆ. ಐರ್ಲೆಂಡಿಗೆ ಸೇರುವತ್ತ ಬಹುಮತ ವಾಲುವಂತೆ ಕಂಡರೆ ಬ್ರಿಟಿಷ್ ಸಚಿವರು ಜನಮತಗಣನೆ ಕರೆಯಲೇಬೇಕು. ಒಂದಾದ ಮೇಲೆ ಏಳು ವರ್ಷ ಇನ್ನೊಂದಿಲ್ಲ. ಐರ್ಲೆಂಡ್ ತನ್ನ ಸಂವಿಧಾನದಲ್ಲಿ ಇಡೀ ದ್ವೀಪದ ಮೇಲಿದ್ದ ಹಕ್ಕುದಾರಿಕೆಯನ್ನು ತಿದ್ದಿತು. ಅಲ್ಲಿ ಹುಟ್ಟಿದವರು ಬ್ರಿಟಿಷ್, ಐರಿಷ್, ಇಲ್ಲವೇ ಎರಡೂ ಪೌರತ್ವ ಇಟ್ಟುಕೊಳ್ಳಬಹುದು. ಕದನವಿರಾಮ ಪಾಲಿಸುವ ಗುಂಪುಗಳ ಕೈದಿಗಳ ಬಿಡುಗಡೆ ಎರಡು ವರ್ಷದೊಳಗೆ. ಶಸ್ತ್ರಾಸ್ತ್ರಗಳ ವಿಷಯದಲ್ಲಿ ಮಾತ್ರ ಹಾವೂ ಸಾಯದ ಕೋಲೂ ಮುರಿಯದ ಭಾಷೆ: ಎರಡು ವರ್ಷದೊಳಗೆ ಎಲ್ಲ ಶಸ್ತ್ರಗಳ ವಿಸರ್ಜನೆಯಾಗಲು ಪಕ್ಷಗಳು 'ತಮಗಿರಬಹುದಾದ ಪ್ರಭಾವ' ಬಳಸಬೇಕು. ಯಾರು, ಯಾವಾಗ, ಎಷ್ಟು ಕೊಡಬೇಕು? ಹೇಳಿಲ್ಲ. ಕೊಡದಿದ್ದರೆ ಸರ್ಕಾರದಿಂದ ಹೊರಗೋ? ಅದನ್ನೂ ಹೇಳಿಲ್ಲ. ಕೊನೆಯ ದಿನ ಟ್ರಿಂಬಲ್‌ನ ತಂಡದಲ್ಲಿದ್ದ ಜೆಫ್ರಿ ಡೊನಾಲ್ಡ್‌ಸನ್ ಇದೇ ಕಾರಣಕ್ಕೆ ಎದ್ದು ಹೋದ. ಬ್ರಿಟಿಷ್ ಪ್ರಧಾನಿ ಟೋನಿ ಬ್ಲೇರ್ ಟ್ರಿಂಬಲ್‌ಗೆ ಒಂದು ಸಮಾಧಾನದ ಪತ್ರ ಬರೆದುಕೊಟ್ಟರು. ಅದು ಒಪ್ಪಂದದ ಭಾಗವಲ್ಲ.

ಬೇಕೆಂದೇ ಮಸುಕಾಗಿಸಿದ ಈ ಭಾಷೆಯನ್ನು ಬೈಯುವುದು ಸುಲಭ. ಸ್ಪಷ್ಟವಾಗಿ ಬರೆದಿದ್ದರೆ ಆ ರಾತ್ರಿ ಒಪ್ಪಂದವೇ ಇರುತ್ತಿರಲಿಲ್ಲ. ಆದರೆ ಮಸುಕಿನ ಬೆಲೆಯನ್ನು ಎರಡೂ ಬದಿ ಸಮನಾಗಿ ತೆರಲಿಲ್ಲ, ಅದನ್ನು ಮುಂದೆ ನೋಡೋಣ.

ಮೇ 22ಕ್ಕೆ ಜನಮತಗಣನೆ. ನಡುವಿನ ಆರು ವಾರಗಳಲ್ಲಿ ಇಬ್ಬರ ಕಷ್ಟವೂ ಬೇರೆ ಬೇರೆ ರೂಪದಲ್ಲಿ ಕಾಣಿಸಿತು. ಶಿನ್ ಫೇನ್ ಅದುವರೆಗೆ ಬೆಲ್‌ಫಾಸ್ಟ್ ವಿಧಾನಸಭೆಯನ್ನೇ ಅಕ್ರಮ ಎನ್ನುತ್ತಿದ್ದ ಪಕ್ಷ. ಅಲ್ಲಿ ಕೂರಲು ಪಕ್ಷದ ನಿಯಮ ತಿದ್ದಬೇಕಿತ್ತು. ಮೇ 10ರ ಸಮಾವೇಶದಲ್ಲಿ 331ಕ್ಕೆ 19ರಿಂದ ತಿದ್ದುಪಡಿ ಗೆದ್ದಿತು. ಗೆಲ್ಲಿಸಲು ನೆರವಾದದ್ದು ತಾತ್ಕಾಲಿಕ ಬಿಡುಗಡೆ ಪಡೆದು ವೇದಿಕೆಗೆ ಬಂದ ಐಆರ್‌ಎ ಕೈದಿಗಳು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಾಂಬಿಟ್ಟವರೂ ಅವರಲ್ಲಿದ್ದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಶಿನ್ ಫೇನ್ ನಾಯಕ ಜೆರಿ ಆಡಮ್ಸ್ ತನ್ನ ಗಟ್ಟಿಗರಿಗೆ ಹೇಳಬೇಕಿದ್ದ ಮಾತನ್ನು ಆ ದೃಶ್ಯವೇ ಹೇಳಿತು: ಜೈಲಿನಲ್ಲಿರುವವರೇ ಒಪ್ಪಿದ್ದಾರೆ, ಇದು ದ್ರೋಹವಲ್ಲ. ಅದೇ ದೃಶ್ಯ ಟಿವಿಯಲ್ಲಿ ಯೂನಿಯನಿಸ್ಟರ ಮನೆಗಳಿಗೂ ಬಂತು, ಟ್ರಿಂಬಲ್‌ನ ಮತಗಳು ಕರಗತೊಡಗಿದವು. ಒಬ್ಬ ನಾಯಕ ತನ್ನವರನ್ನು ಸಮಾಧಾನಪಡಿಸಲು ಮಾಡುವ ಕೆಲಸವೇ ಎದುರು ನಾಯಕನ ಬುಡಕ್ಕೆ ನೀರು ತರುತ್ತದೆ. ಒಡೆದ ಸಮಾಜದಲ್ಲಿ ಗುಟ್ಟಾಗಿ ಮನೆಮಂದಿಗಷ್ಟೇ ಹೇಳುವ ಮಾತು ಎಂಬುದಿಲ್ಲ. ಮತದಾನಕ್ಕೆ ಎರಡು ದಿನ ಮೊದಲು ಬ್ಲೇರ್ ಕೈಬರಹದ ವಚನಗಳನ್ನು ಫಲಕದ ಮೇಲೆ ತೋರಿಸಿ ಯೂನಿಯನಿಸ್ಟರನ್ನು ಹಿಡಿದಿಡಲು ಹೆಣಗಿದರು. ಶೇ. 81.1 ಮತದಾನ, ಶೇ. 71.1 ಹೌದು. ದಕ್ಷಿಣದಲ್ಲಿ ಶೇ. 94.4. ನ್ಯಾಷನಲಿಸ್ಟರು ಬಹುತೇಕ ಎಲ್ಲರೂ ಒಪ್ಪಿದರೆ, ಯೂನಿಯನಿಸ್ಟರಲ್ಲಿ ಒಪ್ಪಿದವರು ಅರ್ಧವನ್ನು ಸ್ವಲ್ಪವೇ ದಾಟಿದ್ದರು ಎನ್ನುವುದು ಸಾಮಾನ್ಯ ಅಂದಾಜು.

ಈಗ ಯಂತ್ರದ ಒಳಗೆ ಬರೋಣ.

ವಿಧಾನಸಭೆಗೆ ಆಗ 108 ಸದಸ್ಯರು: 18 ಕ್ಷೇತ್ರ, ತಲಾ 6. 2017ರಿಂದ ತಲಾ 5, ಒಟ್ಟು 90. ಮತದಾನ ನಮ್ಮ ರಾಜ್ಯಸಭೆ ಚುನಾವಣೆಯಂತೆ ಪ್ರಾಶಸ್ತ್ಯ ಮತದ್ದು: ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯುವುದು. ಆರು ಸ್ಥಾನದ ಕ್ಷೇತ್ರದಲ್ಲಿ ಸುಮಾರು ಏಳರಲ್ಲೊಂದು ಪಾಲು ಮತ ಸಿಕ್ಕರೆ ಗೆಲುವು. ಯಾವ ಪಾಳಯಕ್ಕೂ ಕ್ಷೇತ್ರವನ್ನು ಪೂರ್ತಿ ಬಾಚಿಕೊಳ್ಳಲಾಗದು, ಡೆರಿಯ ವಾರ್ಡ್ ಆಟ ಇಲ್ಲಿ ನಡೆಯದು.

ಗೆದ್ದ ಸದಸ್ಯ ಸಭೆಗೆ ಬಂದು ಸಹಿ ಹಾಕುವಾಗ ತಾನು ಯೂನಿಯನಿಸ್ಟ್, ನ್ಯಾಷನಲಿಸ್ಟ್ ಅಥವಾ 'ಇತರೆ' ಎಂದು ನಮೂದಿಸಬೇಕು. ಮಾಮೂಲಿ ವಿಷಯಗಳಿಗೆ ಸರಳ ಬಹುಮತ ಸಾಕು. ಸಭಾಧ್ಯಕ್ಷರ ಆಯ್ಕೆ, ಬಜೆಟ್, ಸಭೆಯ ನಿಯಮಗಳಂಥ ಮುಖ್ಯ ವಿಷಯಗಳಿಗೆ ಎರಡರಲ್ಲಿ ಒಂದು ಪರೀಕ್ಷೆ ಪಾಸಾಗಬೇಕು. ಒಂದು: ಒಟ್ಟು ಬಹುಮತದ ಜೊತೆಗೆ ಎರಡೂ ಗುಂಪುಗಳಲ್ಲಿ ಪ್ರತ್ಯೇಕ ಬಹುಮತ. ಎರಡು: ಒಟ್ಟು ಶೇ. 60, ಪ್ರತಿ ಗುಂಪಿನಲ್ಲಿ ಕನಿಷ್ಠ ಶೇ. 40. 'ಇತರೆ'ಯವರ ಮತ ಒಟ್ಟು ಸಂಖ್ಯೆಗಷ್ಟೇ ಸೇರುತ್ತದೆ. ಮತ್ತೆ, 30 ಸದಸ್ಯರು ಸಹಿ ಹಾಕಿದ 'ಆತಂಕದ ಅರ್ಜಿ' ಸಲ್ಲಿಸಿದರೆ ಯಾವ ಮಾಮೂಲಿ ವಿಷಯವನ್ನಾದರೂ ಈ ಪರೀಕ್ಷೆಗೆ ಎಳೆಯಬಹುದು.

ಮಂತ್ರಿಗಿರಿ ಹಂಚುವ ಕ್ರಮ ಬಹಳ ಸೊಗಸಾದದ್ದು, ಏಕೆಂದರೆ ಅಲ್ಲಿ ಯಾರೂ ಯಾರ ಜೊತೆಗೂ ಚೌಕಾಸಿ ಮಾಡಬೇಕಿಲ್ಲ. ಬೆಲ್ಜಿಯಂನ ವಿಕ್ಟರ್ ಡಿ'ಹಾಂಟ್ 19ನೇ ಶತಮಾನದಲ್ಲಿ ರೂಪಿಸಿದ ಭಾಗಾಕಾರ ಅದು. ಪ್ರತಿ ಪಕ್ಷದ ಸ್ಥಾನಗಳನ್ನು, ಅದಕ್ಕೆ ಈಗಾಗಲೇ ಸಿಕ್ಕ ಖಾತೆಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ. ಯಾರ ಭಾಗಲಬ್ಧ ದೊಡ್ಡದೋ ಅವರು ಮುಂದಿನ ಖಾತೆ ಆರಿಸಿಕೊಳ್ಳಲಿ. 1998ರಲ್ಲಿ ಅಲ್‌ಸ್ಟರ್ ಯೂನಿಯನಿಸ್ಟ್ 28, ಎಸ್‌ಡಿಎಲ್‌ಪಿ 24, ಡಿಯುಪಿ 20, ಶಿನ್ ಫೇನ್ 18 ಗೆದ್ದಿದ್ದವು; ಖಾತೆಗಳು 10. ಮೊದಲ ನಾಲ್ಕು ಆಯ್ಕೆ ಇದೇ ಕ್ರಮದಲ್ಲಿ ಮುಗಿಯುತ್ತವೆ. ಆಮೇಲೆ ಎಲ್ಲರೂ ಎರಡರಿಂದ ಭಾಗ: 14, 12, 10, 9. ಐದನೆಯದು ಅಲ್‌ಸ್ಟರ್ ಯೂನಿಯನಿಸ್ಟರಿಗೆ, ಆರನೆಯದು ಎಸ್‌ಡಿಎಲ್‌ಪಿಗೆ, ಏಳನೆಯದು ಡಿಯುಪಿಗೆ. ಎಂಟನೆಯದಕ್ಕೆ ಅಲ್‌ಸ್ಟರ್ ಯೂನಿಯನಿಸ್ಟರ 28ನ್ನು ಮೂರರಿಂದ ಭಾಗಿಸಿದರೆ 9.33, ಶಿನ್ ಫೇನ್‌ನ 9ಕ್ಕಿಂತ ಕೂದಲೆಳೆ ಮುಂದೆ. ಒಂಬತ್ತನೆಯದು ಶಿನ್ ಫೇನ್‌ಗೆ, ಹತ್ತನೆಯದು ಎಸ್‌ಡಿಎಲ್‌ಪಿಗೆ. ಒಟ್ಟು 3, 3, 2, 2. 1999ರ ನವೆಂಬರ್ 29ರಂದು ಸಭೆಯಲ್ಲಿ ಈ ಆಯ್ಕೆ ನಡೆದಾಗ, ಶಿನ್ ಫೇನ್ ತನ್ನ ಮೊದಲ ಸರದಿಯಲ್ಲಿ ಶಿಕ್ಷಣ ಖಾತೆ ಎತ್ತಿಕೊಂಡಿತು. ಐಆರ್‌ಎಯ ಹಳೇ ಕಮಾಂಡರ್ ಮಾರ್ಟಿನ್ ಮೆಕ್‌ಗಿನ್ನೆಸ್ ಪ್ರಾಟೆಸ್ಟಂಟ್ ಮಕ್ಕಳಿಗೂ ಶಿಕ್ಷಣ ಮಂತ್ರಿ. ಯಾರೂ ಅವನಿಗೆ ಮತ ಹಾಕಬೇಕಿರಲಿಲ್ಲ. ಸಂಪುಟದಲ್ಲಿ ಶತ್ರುವಿನ ಪಕ್ಕ ಕೂರಲು ಒಪ್ಪಿದೆ ಎಂದು ಯಾವ ನಾಯಕನೂ ತನ್ನವರಿಗೆ ಹೇಳಬೇಕಿಲ್ಲ. ಭಾಗಾಕಾರ ಕೂರಿಸಿತು ಎಂದರಾಯಿತು. ಡಿಯುಪಿ ಮಂತ್ರಿಗಳಂತೂ ಖಾತೆ ವಹಿಸಿಕೊಂಡು ಸಂಪುಟ ಸಭೆಗೇ ಬರುತ್ತಿರಲಿಲ್ಲ!

ಪೊಲೀಸ್ ಮತ್ತು ನ್ಯಾಯದ ಖಾತೆ ಮಾತ್ರ ಈ ಭಾಗಾಕಾರಕ್ಕೆ ಸಿಗುವುದಿಲ್ಲ. 2010ರಲ್ಲಿ ಆ ಅಧಿಕಾರ ಲಂಡನ್ನಿನಿಂದ ಬಂದಾಗ ಎರಡೂ ಗುಂಪುಗಳ ಬಹುಮತ ಬೇಕೆಂಬ ನಿಯಮ ಮಾಡಿ ಅಲಯನ್ಸ್‌ನ ಡೇವಿಡ್ ಫೋರ್ಡ್‌ಗೆ ಕೊಟ್ಟರು.

ತುದಿಯಲ್ಲಿ ಇಬ್ಬರು: ಪ್ರಥಮ ಸಚಿವ, ಉಪ ಪ್ರಥಮ ಸಚಿವ. ಅಧಿಕಾರ ಇಬ್ಬರಿಗೂ ಸಮಾನ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರದು ನಡೆಯದು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ.

ಯಂತ್ರ ಮೊದಲು ಕೆಟ್ಟದ್ದು ಶಸ್ತ್ರಾಸ್ತ್ರದ ಮಸುಕಿನಿಂದ. ಕೈದಿಗಳ ಬಿಡುಗಡೆಗೆ ದಿನಾಂಕ ಇತ್ತು, 2000ದ ಜುಲೈ ಹೊತ್ತಿಗೆ ನಾನೂರಕ್ಕೂ ಹೆಚ್ಚು ಮಂದಿ ಹೊರಬಂದಿದ್ದರು. ಬಂದೂಕುಗಳಿಗೆ ಇದ್ದದ್ದು ಆಶಯ ಮಾತ್ರ. ಟ್ರಿಂಬಲ್ ಪ್ರತಿ ಸಲವೂ ಸುಮಾರು 860 ಜನರ ಪಕ್ಷದ ಮಂಡಳಿಯ ಮುಂದೆ ನಿಲ್ಲಬೇಕಾಯಿತು. 1998ರ ಏಪ್ರಿಲ್‌ನಲ್ಲಿ ಅವನಿಗೆ ಸಿಕ್ಕ ಬೆಂಬಲ ಶೇ. 72. ಐಆರ್‌ಎ ಇನ್ನೂ ಒಂದು ಪಿಸ್ತೂಲನ್ನೂ ಕೊಡದಿದ್ದಾಗ ಸರ್ಕಾರ ಸೇರಲು 1999ರ ನವೆಂಬರ್‌ನಲ್ಲಿ ಅನುಮತಿ ಕೇಳಿದ: ಶೇ. 58. ಎರಡು ತಿಂಗಳು ತುಂಬಿ ಕೆಲವೇ ದಿನಕ್ಕೆ ಲಂಡನ್ ಸರ್ಕಾರವನ್ನು ಅಮಾನತು ಮಾಡಿತು. 2000ದ ಮೇನಲ್ಲಿ ಮರಳಿ ಸೇರಲು ಮತ್ತೆ ಕೇಳಿದ: ಶೇ. 53. 1974ರಲ್ಲಿ ಫಾಕ್‌ನರ್‌ನನ್ನು ಕೆಳಗಿಳಿಸಿದ ಮಂಡಳಿ ಇದೇ.

ಐಆರ್‌ಎ ಶಸ್ತ್ರಗಳ ಮೊದಲ ಕಂತನ್ನು ವಿಸರ್ಜಿಸಿದ ಬಳಿಕ, 2001ರ ನವೆಂಬರ್‌ನಲ್ಲಿ ಟ್ರಿಂಬಲ್ ಪ್ರಥಮ ಸಚಿವ ಸ್ಥಾನಕ್ಕೆ ಮರು ಆಯ್ಕೆ ಬಯಸಿ ನಿಂತಾಗ ಯಂತ್ರದ ವಿಚಿತ್ರ ಮುಖ ಕಂಡಿತು. ಒಟ್ಟು ಸಭೆಯಲ್ಲಿ ಶೇ. 70ರಷ್ಟು ಬೆಂಬಲ, ನ್ಯಾಷನಲಿಸ್ಟರು ಎಲ್ಲರೂ ಪರ, ಆದರೆ ಈ ಆಯ್ಕೆಗೆ ಮೊದಲನೆಯ ಪರೀಕ್ಷೆಯೇ ಬೇಕಿತ್ತು, ಯೂನಿಯನಿಸ್ಟರಲ್ಲಿ ಬಹುಮತಕ್ಕೆ ಕೂದಲೆಳೆ ಕೊರತೆ. ಆಯ್ಕೆ ಬಿದ್ದುಹೋಯಿತು. ನಾಲ್ಕು ದಿನದ ಮೇಲೆ, ಯಾವ ಪಾಳಯಕ್ಕೂ ಸೇರೆವು ಎನ್ನುವುದೇ ಗುರುತಾಗಿದ್ದ ಅಲಯನ್ಸ್ ಪಕ್ಷದ ಮೂವರು ತಮ್ಮನ್ನು 'ಯೂನಿಯನಿಸ್ಟ್' ಎಂದು ಮರುನಮೂದಿಸಿಕೊಂಡು ಅವನನ್ನು ಪಾರುಮಾಡಿದರು.

2003ರ ಚುನಾವಣೆಯಲ್ಲಿ ಡಿಯುಪಿ 30, ಶಿನ್ ಫೇನ್ 24 ಗೆದ್ದು ತಮ್ಮ ತಮ್ಮ ಪಾಳಯಗಳಲ್ಲಿ ಮೊದಲಾದವು. 1998ರಲ್ಲಿ ಜಾನ್ ಹ್ಯೂಮ್ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಟ್ರಿಂಬಲ್ 2005ರಲ್ಲಿ ತನ್ನ ಸಂಸತ್ ಸ್ಥಾನವನ್ನೇ ಕಳೆದುಕೊಂಡ. ಹ್ಯೂಮ್‌ನ ಎಸ್‌ಡಿಎಲ್‌ಪಿಯೂ ಕುಗ್ಗುತ್ತ ಹೋಯಿತು. ಐಆರ್‌ಎ ತನ್ನ ಶಸ್ತ್ರಗಳನ್ನು ಪೂರ್ತಿ ವಿಸರ್ಜಿಸಿದ್ದು ಅದೇ 2005ರ ಸೆಪ್ಟೆಂಬರ್‌ನಲ್ಲಿ, ಟ್ರಿಂಬಲ್ ಸೋತ ನಾಲ್ಕು ತಿಂಗಳಿಗೆ. ಕೆನಡಾದ ನಿವೃತ್ತ ಜನರಲ್ ಜಾನ್ ಡಿ ಚಾಸ್ಟಲೆಯ್ನ್‌ರ ಆಯೋಗದೊಂದಿಗೆ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಪಾದ್ರಿ ಸಾಕ್ಷಿಯಾಗಿದ್ದರು. ಇದನ್ನು ನೋಡಿ ಒಪ್ಪಂದ ಸೋತಿತು, ಉಗ್ರರು ಗೆದ್ದರು ಎಂದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗೆದ್ದ ಉಗ್ರರು ಯಂತ್ರವನ್ನು ಒಡೆಯಲಿಲ್ಲ, ಅದರೊಳಗೆ ಬಂದು ಕೂತರು. 2007ರ ಜನವರಿಯಲ್ಲಿ ಶಿನ್ ಫೇನ್ ಪೊಲೀಸ್ ವ್ಯವಸ್ಥೆಯನ್ನು ಒಪ್ಪಿತು. ಮಾರ್ಚ್ 26ರಂದು ಪೇಯ್ಸ್‌ಲಿ ಮತ್ತು ಆಡಮ್ಸ್ ಒಂದೇ ಮೇಜಿಗೆ ಬಂದರು. ಪಕ್ಕಪಕ್ಕವೂ ಅಲ್ಲದ, ಎದುರುಬದುರೂ ಅಲ್ಲದ ಹಾಗೆ ಮೇಜಿನ ಮೂಲೆಯ ಎರಡು ಬದಿಗೆ ಕುರ್ಚಿ ಹಾಕಿದ್ದರು. ಮೇ 8ಕ್ಕೆ ಪೇಯ್ಸ್‌ಲಿ ಪ್ರಥಮ ಸಚಿವ, ಮೆಕ್‌ಗಿನ್ನೆಸ್ ಉಪ. ತನ್ನ ಬೆನ್ನ ಹಿಂದೆ ಇನ್ನೂ ಗಟ್ಟಿಯಾಗಿ ಕೂಗುವವರಿಲ್ಲದ ನಾಯಕನಿಗೆ ಮಾತ್ರ ಅಷ್ಟು ದೂರ ನಡೆಯಲು ಬಿಡುವಿರುತ್ತದೆ. ಟ್ರಿಂಬಲ್‌ಗೆ ಪೇಯ್ಸ್‌ಲಿಯ ಕಾಟ ಇತ್ತು. ಪೇಯ್ಸ್‌ಲಿಗೆ ಪೇಯ್ಸ್‌ಲಿಯ ಕಾಟ ಇರಲಿಲ್ಲ.

ಆದರೆ ಅದೇ ಹೊತ್ತಿಗೆ ನಿಯಮವೊಂದು ಬದಲಾಯಿತು. ಮೊದಲು ಇಬ್ಬರು ಮುಖ್ಯಸ್ಥರನ್ನು ಸಭೆ ಜೋಡಿಯಾಗಿ ಚುನಾಯಿಸಬೇಕಿತ್ತು. 2006ರ ಸೇಂಟ್ ಆಂಡ್ರೂಸ್ ಒಪ್ಪಂದದ ಬಳಿಕ ಪಕ್ಷಗಳೇ ನಾಮಕರಣ ಮಾಡುತ್ತವೆ, ಡಿಯುಪಿ ಸದಸ್ಯರು ಶಿನ್ ಫೇನ್‌ನವರಿಗೆ ಕೈ ಎತ್ತಬೇಕಿಲ್ಲ. ಮುಜುಗರ ತಪ್ಪಿತು. ಜೊತೆಗೆ, ಅತಿ ದೊಡ್ಡ ಪಕ್ಷಕ್ಕೆ ಪ್ರಥಮ ಸಚಿವ ಸ್ಥಾನ ಎಂಬ ಪೈಪೋಟಿ ಹುಟ್ಟಿತು. ನಮ್ಮ ಮತ ಒಡೆದರೆ ಅವರು ಮೊದಲಾಗುತ್ತಾರೆ ಎಂದು ಹೆದರಿಸಿ ಮತ ಕೂಡಿಸುವುದು ಅಲ್ಲಿಂದ ಎರಡೂ ಬದಿಯ ಪ್ರಚಾರದ ಚಾಳಿಯಾಯಿತು. ಹುದ್ದೆಗಳ ಅಧಿಕಾರ ಸಮಾನವಿದ್ದರೂ ಅಷ್ಟೆ.

ಆತಂಕದ ಅರ್ಜಿಯೂ ದಾರಿ ತಪ್ಪಿತು. ಅಲ್ಪಸಂಖ್ಯಾತರ ಕಾವಲಿಗೆ ಇಟ್ಟ ಅಸ್ತ್ರ ಅದು. 30ಕ್ಕಿಂತ ಹೆಚ್ಚು ಸದಸ್ಯರಿದ್ದ ಒಂದೇ ಪಕ್ಷಕ್ಕೆ ಅದು ಏಕಾಂಗಿ ವೀಟೋ ಆಯಿತು. 2011ರಿಂದ 2016ರ ಅವಧಿಯಲ್ಲಿ ನೂರಕ್ಕೂ ಹೆಚ್ಚು ಸಲ ಬಳಕೆಯಾಯಿತು. 2015ರ ನವೆಂಬರ್‌ನಲ್ಲಿ ಸಲಿಂಗ ವಿವಾಹದ ಪರ ಸಭೆ ತೆಳುವಾದ ಬಹುಮತದಿಂದ ಮತ ಹಾಕಿದಾಗ ಡಿಯುಪಿ ಅರ್ಜಿ ಹಾಕಿ ತಡೆಯಿತು; ಬ್ರಿಟನ್ ಐರ್ಲೆಂಡ್ ನಂಟಿಗೂ ಮದುವೆಗೂ ಏನು ಸಂಬಂಧ ಎಂದು ಕೇಳುವವರಿಗೆ ನಿಯಮದಲ್ಲಿ ಉತ್ತರ ಇರಲಿಲ್ಲ. ಈಗ ಒಂದಕ್ಕಿಂತ ಹೆಚ್ಚು ಪಕ್ಷಗಳ ಸಹಿ, ಜೊತೆಗೆ 14 ದಿನಗಳ ಪರಿಶೀಲನೆ ಬೇಕು.

ಇಬ್ಬರಲ್ಲೊಬ್ಬರು ಎದ್ದರೆ ಇಬ್ಬರೂ ಬೀಳುವ ನಿಯಮ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿತು. ಸೌದೆ ಉಂಡೆಗಳಿಂದ ಕಟ್ಟಡ ಬಿಸಿಮಾಡುವ ಸಬ್ಸಿಡಿ ಯೋಜನೆಯಲ್ಲಿ ಇಂಧನದ ಖರ್ಚಿಗಿಂತ ಸಬ್ಸಿಡಿಯೇ ಜಾಸ್ತಿಯಾಗಿ, ಬಳಕೆಗೆ ಮಿತಿಯೂ ಇಲ್ಲದೆ ಹಗರಣವಾದಾಗ, 2017ರ ಜನವರಿಯಲ್ಲಿ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟ. ಮೂರು ವರ್ಷ ಸರ್ಕಾರವಿಲ್ಲ. ಬ್ರೆಕ್ಸಿಟ್ ಬಳಿಕ ಬ್ರಿಟನ್ನಿನಿಂದ ಬರುವ ಸರಕಿಗೆ ತಪಾಸಣೆ ಹಾಕಿದ್ದನ್ನು ವಿರೋಧಿಸಿ 2022ರ ಫೆಬ್ರವರಿ 3ರಂದು ಡಿಯುಪಿಯ ಪ್ರಥಮ ಸಚಿವ ಹೊರಬಂದ. ಮೇನಲ್ಲಿ ಚುನಾವಣೆಯಾಗಿ ಶಿನ್ ಫೇನ್ 27 ಸ್ಥಾನಗಳಿಂದ ಮೊದಲ ಸಲ ಅತಿ ದೊಡ್ಡ ಪಕ್ಷವಾಯಿತು, ಡಿಯುಪಿ 25. ಡಿಯುಪಿ ಒಪ್ಪದೆ ಸಭಾಧ್ಯಕ್ಷರ ಆಯ್ಕೆಯೂ ಆಗದು, ಸಭಾಧ್ಯಕ್ಷರಿಲ್ಲದೆ ಸಭೆಯೇ ಇಲ್ಲ. ಸದಸ್ಯರ ಸಂಬಳವನ್ನು ಶೇ. 27.5 ಕಡಿತ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ. ಬೀಗ ತೆರೆದದ್ದು 2024ರ ಜನವರಿ ಕೊನೆಯಲ್ಲಿ, ಡಿಯುಪಿ ಕಾರ್ಯಕಾರಿಣಿಯ ತಡರಾತ್ರಿಯ ಸಭೆಯಲ್ಲಿ. ಮರಳಿ ಹೋಗೋಣ ಎಂದು ತನ್ನವರನ್ನು ಒಪ್ಪಿಸುತ್ತಿದ್ದ ಪಕ್ಷದ ನಾಯಕ ಜೆಫ್ರಿ ಡೊನಾಲ್ಡ್‌ಸನ್, 1998ರ ಗುಡ್ ಫ್ರೈಡೆಯಂದು ಎದ್ದು ಹೋದವನೇ. ಫೆಬ್ರವರಿ 3ಕ್ಕೆ ಶಿನ್ ಫೇನ್‌ನ ಮಿಶೆಲ್ ಒ'ನೀಲ್ ಪ್ರಥಮ ಸಚಿವೆಯಾದರು, ಡಿಯುಪಿಯ ಎಮ್ಮಾ ಲಿಟ್ಲ್ ಪೆಂಗೆಲಿ ಉಪ.

ಸರ್ಕಾರ ಇಲ್ಲದ ಆ ವರ್ಷಗಳಲ್ಲೂ ಬಂದೂಕು ಹಳೇ ಪ್ರಮಾಣದಲ್ಲಿ ಮರಳಲಿಲ್ಲ. ಒಪ್ಪಂದದ ಬಳಿಕ ಬದಲಾದ ಪೊಲೀಸ್ ಪಡೆಯದೂ ಅದರಲ್ಲಿ ಪಾಲಿದೆ: 2001ರಿಂದ ಹತ್ತು ವರ್ಷ ಪ್ರತಿ ನೇಮಕಾತಿಯಲ್ಲೂ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮದಿಂದ ಕ್ಯಾಥೊಲಿಕರ ಪಾಲು ಸುಮಾರು ಶೇ. 8ರಿಂದ 30ಕ್ಕೆ ಏರಿತು. ಸಮಾಜ ಒಂದಾಯಿತೇ ಎಂದರೆ, ಇಲ್ಲ. ಬೆಲ್‌ಫಾಸ್ಟಿನಲ್ಲಿ ಎರಡು ಕೇರಿಗಳ ನಡುವಿನ ಗೋಡೆಗಳು ಇನ್ನೂ ನಿಂತಿವೆ, ಬಹುಪಾಲು ಮಕ್ಕಳು ಬೇರೆ ಬೇರೆ ಶಾಲೆಗಳಲ್ಲೇ ಓದುತ್ತಾರೆ.

ಯಂತ್ರ ಕಟ್ಟಿದವರು ಊಹಿಸದ ತೊಂದರೆ ಈಗ ಬಂದಿರುವುದು ಮೂರನೆಯವರಿಂದ. 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5, ಯಾವ ಪಾಳಯಕ್ಕೂ ಬಹುಮತವಿಲ್ಲ. 2022ರ ವಿಧಾನಸಭೆಯಲ್ಲಿ ಯೂನಿಯನಿಸ್ಟರೆಂದು ನಮೂದಿಸಿದವರು 37, ನ್ಯಾಷನಲಿಸ್ಟರು 35, ಇತರೆ 18. ಆ ಹದಿನೆಂಟರಲ್ಲಿ 17 ಮಂದಿ ಅಲಯನ್ಸ್‌ನವರು, ಸಭೆಯ ಮೂರನೇ ದೊಡ್ಡ ಪಕ್ಷ. ಎರಡು ಗುಂಪುಗಳ ಬಹುಮತ ಎಣಿಸುವಾಗ ಅವರ ಮತ ಎಲ್ಲಿಯೂ ಬರುವುದಿಲ್ಲ. ಈ ಎಣಿಕೆಯನ್ನೇ ಬಿಟ್ಟು ಮೂರನೇ ಎರಡರಷ್ಟು ಬಹುಮತದಂಥ ಅಳತೆ ಇಡಿ ಎನ್ನುವುದು ಅವರ ಬೇಡಿಕೆ. ಮೂರನೇ ಎರಡು ಎಂದರೆ 90ರಲ್ಲಿ 60. ಯೂನಿಯನಿಸ್ಟರು 37 ಇರುವ ಸಭೆಯಲ್ಲಿ ಅವರೆಲ್ಲ ಒಟ್ಟಾಗಿ ವಿರೋಧಿಸಿದರೆ ಈ ಅಳತೆಯಲ್ಲೂ ಯಾವುದೂ ಪಾಸಾಗುವುದಿಲ್ಲ. ಆದರೆ ಡಿಯುಪಿಯ 25 ಮಂದಿ ಒಂಟಿಯಾಗಿ ಏನನ್ನೂ ತಡೆಯಲಾರರು, ಶಿನ್ ಫೇನ್‌ನ 27 ಮಂದಿಯೂ ಅಷ್ಟೆ. ನಿಯಮ ಬದಲಿಸಲು ಆ ಎರಡು ಪಕ್ಷಗಳ ಒಪ್ಪಿಗೆಯೇ ಬೇಕು.